ಎಂಜಿನಿಯರಿಂಗ್ ಸೀಟು: ಊರ ಕಾಲೇಜೋ, ಪರರಾಜ್ಯವೋ?

ಮಾನ್ಯ ಸಂಪಾದಕರೇ,

ದ್ವಿತೀಯ ಪಿಯುಸಿ ಫಲಿತಾಂಶ ಬಂದ ಬೆನ್ನಿಗೇ ಪರರಾಜ್ಯದ ಖಾಸಗಿ ವಿಶ್ವವಿದ್ಯಾಲಯಗಳ ಪುಟಪೂರ್ತಿ ಜಾಹೀರಾತುಗಳು ಕರಾವಳಿಯ ಪತ್ರಿಕೆಗಳಲ್ಲಿ ಸಾಲುಗಟ್ಟುತ್ತವೆ. ಮಗಳನ್ನು ಇಲ್ಲೇ ಓದಿಸುವುದೋ, ವೆಲ್ಲೂರಿಗೋ ಕೊಯಮತ್ತೂರಿಗೋ ಕಳಿಸುವುದೋ ಎಂಬ ಚರ್ಚೆ ಮಂಗಳೂರು, ಉಡುಪಿಯ ಮನೆಮನೆಯಲ್ಲೂ ನಡೆಯುತ್ತದೆ. ಗಡಿಯ ಈಚೆಯೋ ಆಚೆಯೋ ಎಂದಷ್ಟೇ ಕೇಳಿಕೊಂಡರೆ ಈ ಚರ್ಚೆ ಬಗೆಹರಿಯುವುದಿಲ್ಲ. ಸೀಟು ಯಾವ ಪರೀಕ್ಷೆಯಿಂದ ಸಿಗುತ್ತದೆ, ಯಾವ ಕೋಟಾದ್ದು, ಅದರ ಶುಲ್ಕ ನಿಗದಿ ಮಾಡುವವರು ಯಾರು ಎಂಬ ಮೂರು ಪ್ರಶ್ನೆಗೆ ಮೊದಲು ಉತ್ತರ ಬೇಕು. ಅದೂ ಫಲಿತಾಂಶದ ದಿನ ಕೇಳಿದರೆ ತಡವಾಯಿತು. ಅರ್ಧ ತೀರ್ಮಾನ ಹತ್ತನೇ ತರಗತಿ ಮುಗಿಸಿ ಮಕ್ಕಳನ್ನು ಪಿಯುಸಿಗೆ ಸೇರಿಸುವಾಗಲೇ ಆಗಿಹೋಗಿರುತ್ತದೆ. ಅದು ಗೊತ್ತಿಲ್ಲದೆ ಕೈತಪ್ಪುವ ಸೀಟುಗಳು ಕಡಿಮೆಯೇನಲ್ಲ; ಆ ಕಾರಣಕ್ಕೇ ಈ ದೀರ್ಘ ಪತ್ರ.

ಸುರತ್ಕಲ್‌ನಲ್ಲಿರುವ ಕೇಂದ್ರದ ಎಂಜಿನಿಯರಿಂಗ್ ಸಂಸ್ಥೆ ಎನ್‌ಐಟಿಕೆ ಮತ್ತು ಮಣಿಪಾಲದ ಖಾಸಗಿ ಕಾಲೇಜು ಎಂಐಟಿ ಎರಡೂ ನಮ್ಮ ಅಂಗಳದಲ್ಲೇ ಇವೆ. 1960ರಲ್ಲಿ ಕರ್ನಾಟಕ ಪ್ರಾದೇಶಿಕ ಎಂಜಿನಿಯರಿಂಗ್ ಕಾಲೇಜು (ಕೆಆರ್‌ಇಸಿ) ಆಗಿ ಹುಟ್ಟಿ 2002ರಲ್ಲಿ ರಾಷ್ಟ್ರೀಯ ತಂತ್ರಜ್ಞಾನ ಸಂಸ್ಥೆ (ಎನ್‌ಐಟಿ) ಆದ ಸುರತ್ಕಲ್‌ನಲ್ಲಿ ರಾಜ್ಯದ ಪ್ರವೇಶ ಪರೀಕ್ಷೆ ಸಿಇಟಿಯ ರ‍್ಯಾಂಕ್ ನಡೆಯುವುದಿಲ್ಲ, ರಾಷ್ಟ್ರಮಟ್ಟದ ಪ್ರವೇಶ ಪರೀಕ್ಷೆ ಜೆಇಇ ಮೇನ್‌ನ ರ‍್ಯಾಂಕ್ ಬೇಕು. 1957ರಲ್ಲಿ ಆರಂಭವಾದ ಎಂಐಟಿ ಈಗ ಡೀಮ್ಡ್ ವಿಶ್ವವಿದ್ಯಾಲಯದ (ಸ್ವಂತ ಪದವಿ ಕೊಡುವ ಮಾನ್ಯತೆ ಪಡೆದ ಸಂಸ್ಥೆಯ) ಭಾಗ. ಅಲ್ಲಿಗೆ ಅದರದೇ ಪ್ರವೇಶ ಪರೀಕ್ಷೆ ಎಂಇಟಿ ಬರೆಯಬೇಕು, ಸಿಇಟಿ ನಡೆಸಿ ಸೀಟು ಹಂಚುವ ರಾಜ್ಯದ ಪರೀಕ್ಷಾ ಪ್ರಾಧಿಕಾರ (ಕೆಇಎ) ಅಲ್ಲಿ ಸೀಟು ಹಂಚುವುದಿಲ್ಲ, ಶುಲ್ಕವನ್ನು ವಿಶ್ವವಿದ್ಯಾಲಯವೇ ಗೊತ್ತುಮಾಡುತ್ತದೆ. ಖರ್ಚಿನ ಲೆಕ್ಕಕ್ಕೆ ಬಂದರೆ ಮಣಿಪಾಲ ವೆಲ್ಲೂರಿನ ಖಾಸಗಿ ವಿಶ್ವವಿದ್ಯಾಲಯ ವಿಐಟಿಗೆ ಹತ್ತಿರ, ಪಕ್ಕದ ಬಂಟಕಲ್ಲಿನ ಕಾಲೇಜಿಗೆ ದೂರ. ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳಲ್ಲಿ ರಾಜ್ಯ ಸರ್ಕಾರದ ಎಂಜಿನಿಯರಿಂಗ್ ಕಾಲೇಜು ಇಲ್ಲ. ಹತ್ತಿರದ್ದು ಕಾರವಾರದ ಮಾಜಾಳಿ, ಇಲ್ಲವೇ ಕುಶಾಲನಗರ. ಹಾಗಾಗಿ ನಮ್ಮ ಮಟ್ಟಿಗೆ ‘ಸರ್ಕಾರಿ ಸೀಟು’ ಎಂದರೆ ವಾಮಂಜೂರು, ಅಡ್ಯಾರು, ಬೆಂಜನಪದವು, ಮಿಜಾರು, ಬಂಟಕಲ್, ಪುತ್ತೂರು, ಸುಳ್ಯದ ಖಾಸಗಿ ಕಾಲೇಜುಗಳೊಳಗೆ ಕೆಇಎ ಹಂಚುವ ಸೀಟು. ಸಾಮಾನ್ಯ ಖಾಸಗಿ ಕಾಲೇಜಿನಲ್ಲಿ ಶೇ 45 ಸೀಟು ಕೆಇಎಗೆ, ಶೇ 30 ಖಾಸಗಿ ಕಾಲೇಜುಗಳ ಒಕ್ಕೂಟ ನಡೆಸುವ ಕಾಮೆಡ್-ಕೆ ಪರೀಕ್ಷೆಗೆ, ಉಳಿದ ಶೇ 25 ಮ್ಯಾನೇಜ್‌ಮೆಂಟ್‌ಗೆ. ಅಲ್ಪಸಂಖ್ಯಾತ ಸಂಸ್ಥೆಗಳಲ್ಲಿ ಪ್ರಮಾಣ ಬೇರೆ. ಮೂರೂ ಬಾಗಿಲಿನಿಂದ ಬಂದವರು ಕೂರುವುದು ಒಂದೇ ತರಗತಿಯಲ್ಲಿ, ಸಿಗುವುದು ಒಂದೇ ಪದವಿ. ಕೆಇಎ ಸೀಟಿನ ಶುಲ್ಕ ವರ್ಷಕ್ಕೆ ಒಂದು ಲಕ್ಷದ ಆಸುಪಾಸಿನಲ್ಲಿದ್ದರೆ ಕಾಮೆಡ್-ಕೆ ಸೀಟಿನದು ಎರಡು, ಎರಡೂವರೆ ಲಕ್ಷದ ಆಸುಪಾಸು. ಮ್ಯಾನೇಜ್‌ಮೆಂಟ್ ಸೀಟಿನ ಲೆಕ್ಕ ಬ್ರಾಂಚಿನಿಂದ ಬ್ರಾಂಚಿಗೆ ಬೇರೆ.

ಈಗ ಹತ್ತನೇ ತರಗತಿಯ ಮಾತಿಗೆ ಬರುತ್ತೇನೆ. ಎನ್‌ಐಟಿಗಳಲ್ಲಿ ಅರ್ಧ ಸೀಟು ಹೋಮ್ ಸ್ಟೇಟ್ ಕೋಟಾಕ್ಕೆ, ಅರ್ಧ ಹೊರರಾಜ್ಯದವರಿಗೆ. ಹೋಮ್ ಸ್ಟೇಟ್ ಯಾವುದೆಂದು ತೀರ್ಮಾನಿಸುವುದು ಹುಟ್ಟಿದ ಊರಿನಿಂದಲೂ ಅಲ್ಲ, ಆಧಾರ್ ವಿಳಾಸದಿಂದಲೂ ಅಲ್ಲ. ಹನ್ನೆರಡನೇ ತರಗತಿ ಪಾಸಾದ ರಾಜ್ಯದಿಂದ. ಕುಂದಾಪುರದ ಹುಡುಗ ರಾಜಸ್ಥಾನದ ಕೋಟಾ ಪಟ್ಟಣದಲ್ಲೋ ಹೈದರಾಬಾದಿನಲ್ಲೋ ಕೋಚಿಂಗ್ ಪಡೆಯುತ್ತಾ ಅಲ್ಲಿಯ ಶಾಲೆಯಿಂದಲೇ ಹನ್ನೆರಡು ಪಾಸಾದರೆ ಸುರತ್ಕಲ್ ಅವನಿಗೆ ಪರರಾಜ್ಯ. ಎನ್‌ಐಟಿಕೆಯ ಬಹುಪಾಲು ಬ್ರಾಂಚುಗಳಲ್ಲಿ ಹೋಮ್ ಸ್ಟೇಟ್ ಪಟ್ಟಿಯ ಕೊನೆಯ ರ‍್ಯಾಂಕ್ ಹೊರರಾಜ್ಯದ ಪಟ್ಟಿಯದಕ್ಕಿಂತ ಸಡಿಲ. ರಾಜಸ್ಥಾನದಲ್ಲಿ ಹನ್ನೆರಡು ಮುಗಿಸಿದವನಿಗೆ ಜೈಪುರದ ಎನ್‌ಐಟಿ ಹೋಮ್ ಸ್ಟೇಟ್ ಆಗುತ್ತದೆ ನಿಜ, ಆದರೆ ಅಲ್ಲಿ ಅವನ ಎದುರಿಗಿರುವುದು ಕೋಚಿಂಗ್ ಪಟ್ಟಣಗಳ ಅಷ್ಟೂ ಮಕ್ಕಳು. ಮಂಜೇಶ್ವರದ ಹುಡುಗಿ ಮಂಗಳೂರಿನಲ್ಲಿ ಪಿಯುಸಿ ಓದಿ ಪಾಸಾದರೆ ಕಥೆ ತಿರುಗುತ್ತದೆ: ಅವಳಿಗೆ ಎನ್‌ಐಟಿಕೆ ಹೋಮ್ ಸ್ಟೇಟ್, ಕೋಝಿಕ್ಕೋಡ್‌ನ ಎನ್‌ಐಟಿ ಪರರಾಜ್ಯ. ವಿದೇಶದಲ್ಲಿ ಹನ್ನೆರಡು ಮುಗಿಸಿದ ಭಾರತೀಯ ಮಕ್ಕಳಿಗೆ ಪಾಸ್‌ಪೋರ್ಟಿನಲ್ಲಿರುವ ಶಾಶ್ವತ ವಿಳಾಸದ ರಾಜ್ಯವೇ ಆಧಾರ. ಗಲ್ಫ್‌ನಲ್ಲಿ ದುಡಿಯುವವರು ಪಾಸ್‌ಪೋರ್ಟ್ ನವೀಕರಿಸುವಾಗ ಆ ವಿಳಾಸದ ಕಡೆ ಗಮನ ಕೊಡಲಿ. ಅವರ ಮಕ್ಕಳಿಗೆ ವಿದೇಶದಲ್ಲಿ ಓದಿದವರಿಗಾಗಿ ಇರುವ ದಾಸಾ ಯೋಜನೆಯೊಳಗೆ ಸಿಐಡಬ್ಲ್ಯುಜಿ (ಗಲ್ಫ್‌ನಲ್ಲಿ ದುಡಿಯುವ ಭಾರತೀಯರ ಮಕ್ಕಳು) ಎಂಬ ಪ್ರತ್ಯೇಕ ಪಾಲೂ ಇದೆ. ಅದರಲ್ಲಿ ಬೋಧನಾ ಶುಲ್ಕ ಇಲ್ಲಿಯ ಮಕ್ಕಳಷ್ಟೇ.

ಸಿಇಟಿಯ ನಿಯಮ ಇದಕ್ಕಿಂತ ಬೇರೆ. ಒಂದನೇ ತರಗತಿಯಿಂದ ದ್ವಿತೀಯ ಪಿಯುಸಿವರೆಗಿನ ಅವಧಿಯಲ್ಲಿ ಕನಿಷ್ಠ 7 ಶೈಕ್ಷಣಿಕ ವರ್ಷ ಕರ್ನಾಟಕದಲ್ಲಿ ಓದಿರಬೇಕು, ಹತ್ತನೇ ಅಥವಾ ಹನ್ನೆರಡನೇ ತರಗತಿಯನ್ನು ಇಲ್ಲಿ ಪಾಸಾಗಿರಬೇಕು. ಇದು ‘ಎ’ ಷರತ್ತು. ಮುಂಬಯಿಯಲ್ಲೋ ದುಬೈಯಲ್ಲೋ ಬೆಳೆದ ಮಕ್ಕಳ ಹೆತ್ತವರು ‘ಬಿ’ ಷರತ್ತನ್ನು ತಿಳಿದಿರಬೇಕು: ತಂದೆ ಅಥವಾ ತಾಯಿ ಕರ್ನಾಟಕದಲ್ಲಿ ಕನಿಷ್ಠ 7 ವರ್ಷ ಓದಿದ್ದು, ಮಗು ಪ್ರಥಮ, ದ್ವಿತೀಯ ಪಿಯುಸಿ ಎರಡನ್ನೂ ಇಲ್ಲೇ ಓದಿ ಪಾಸಾದರೆ ಸಿಇಟಿ ಸೀಟಿಗೆ ಅರ್ಹ. ಅಂದರೆ ಊರಿಗೆ ಕರೆತರುವುದಿದ್ದರೆ ಹನ್ನೊಂದಕ್ಕೇ ಕರೆತರಬೇಕು, ಹನ್ನೆರಡಕ್ಕೆ ತಂದರೆ ‘ಬಿ’ ಷರತ್ತು ಕೂಡಿಬರುವುದಿಲ್ಲ. ಅಪ್ಪನದೋ ಅಮ್ಮನದೋ ಹಳೆಯ ಶಾಲೆಯ ವ್ಯಾಸಂಗ ಪ್ರಮಾಣಪತ್ರವನ್ನು ಮುಖ್ಯೋಪಾಧ್ಯಾಯರ ಸಹಿ, ಕ್ಷೇತ್ರ ಶಿಕ್ಷಣಾಧಿಕಾರಿಯ (ಬಿಇಒ) ಮೇಲುರುಜಿನೊಂದಿಗೆ ಮೊದಲೇ ತರಿಸಿಡಬೇಕು. ಮುಚ್ಚಿಹೋದ ಶಾಲೆಯಾದರೆ ದಾಖಲೆ ಹುಡುಕಿಸಲು ವಾರಗಳೇ ಹಿಡಿಯುತ್ತವೆ. ಕಾಸರಗೋಡು, ಮಂಜೇಶ್ವರ, ಹೊಸದುರ್ಗದ ಕನ್ನಡಿಗ, ತುಳುವ ಮಕ್ಕಳಿಗೆ ಗಡಿನಾಡು ಷರತ್ತಿದೆ. ಅವರು ಕೆಇಎ ನಡೆಸುವ ಕನ್ನಡ ಭಾಷಾ ಪರೀಕ್ಷೆಯನ್ನು ತಪ್ಪಿಸಬಾರದು.

ಮೀಸಲಾತಿಯ ಕಾಗದಪತ್ರಗಳ ವಿಷಯದಲ್ಲಿ ನಮ್ಮವರು ಕಳೆದುಕೊಳ್ಳುವುದು ಬಹಳ. ಒಂದರಿಂದ ಹತ್ತನೇ ತರಗತಿಯವರೆಗೆ ಗ್ರಾಮೀಣ ಶಾಲೆಯಲ್ಲಿ ಓದಿದವರಿಗೆ ಶೇ 15, ಅಷ್ಟೂ ವರ್ಷ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ 5 ಮೀಸಲು ಕೆಇಎ ಸೀಟಿನಲ್ಲಿದೆ. ಇಲ್ಲಿ ಲೆಕ್ಕಕ್ಕೆ ಬರುವುದು ಶಾಲೆ ಇರುವ ಜಾಗ, ಮನೆ ಇರುವ ಜಾಗವಲ್ಲ. ಕೆಇಎ ಕಟ್-ಆಫ್ ಪಟ್ಟಿ ತೆರೆದರೆ 2ಎಜಿ, 2ಎಆರ್, 2ಎಕೆ ಎಂದು 2ಎ ಎಂಬ ಒಂದೇ ಹಿಂದುಳಿದ ವರ್ಗಕ್ಕೆ ಮೂರು ಕಾಲಂ ಕಾಣುತ್ತದೆ. ‘ಜಿ’ ಸಾಮಾನ್ಯ, ‘ಆರ್’ ಗ್ರಾಮೀಣ, ‘ಕೆ’ ಕನ್ನಡ ಮಾಧ್ಯಮ. ಅನೇಕ ಬ್ರಾಂಚುಗಳಲ್ಲಿ ಈ ಕಾಲಂಗಳ ಕೊನೆಯ ರ‍್ಯಾಂಕ್ ಸಾಮಾನ್ಯ ಕಾಲಂನದಕ್ಕಿಂತ ಎಷ್ಟೋ ಹಿಂದಿರುತ್ತದೆ. ಅರ್ಜಿ ತುಂಬುವಾಗ ಆ ಪ್ರಶ್ನೆಗೆ ‘ಇಲ್ಲ’ ಎಂದು ಒತ್ತಿದವರಿಗೆ ಆ ಕಾಲಂ ಇಲ್ಲವೆಂದೇ ಲೆಕ್ಕ. ಬೈಂದೂರು, ಬೆಳ್ತಂಗಡಿ, ಕಾರ್ಕಳದ ಕನ್ನಡ ಶಾಲೆಗಳಲ್ಲಿ ಓದಿದ ಮಕ್ಕಳು ಸೈಬರ್ ಸೆಂಟರಿನಲ್ಲಿ ಅವಸರದಲ್ಲಿ ಅರ್ಜಿ ತುಂಬಿಸಿ ಈ ಹಕ್ಕು ಬಿಟ್ಟುಕೊಡುವುದು ತೀರಾ ನೋವಿನ ಸಂಗತಿ. ಕುಟುಂಬದ ಆದಾಯ 8 ಲಕ್ಷದೊಳಗಿದ್ದರೆ ಎಸ್‌ಎನ್‌ಕ್ಯೂ ಎಂಬ ಶೇ 5 ಹೆಚ್ಚುವರಿ ಸೀಟುಗಳೂ ಇವೆ, ಅವುಗಳಲ್ಲಿ ಬೋಧನಾ ಶುಲ್ಕ ಮನ್ನಾ. ಅದಕ್ಕೂ ನಾಡಕಚೇರಿಯ ಆದಾಯ ಪ್ರಮಾಣಪತ್ರದ ಆರ್‌ಡಿ ಸಂಖ್ಯೆ ಅರ್ಜಿಯಲ್ಲಿ ಇರಬೇಕು.

ಈ ವರ್ಗಗಳು ರಾಜ್ಯದ ಗಡಿ ದಾಟುವುದಿಲ್ಲ. 2ಎ, 3ಬಿ ಎಂಬುದು ಕರ್ನಾಟಕದ ಲೆಕ್ಕ. ಇಲ್ಲಿ ಹಿಂದುಳಿದ ವರ್ಗದಲ್ಲಿರುವ ಹುಡುಗ ತಮಿಳುನಾಡಿನ ರಾಜ್ಯ ಕೋಟಾದ ಮಟ್ಟಿಗೆ ಸಾಮಾನ್ಯ ವರ್ಗ. ಐಐಟಿ, ಎನ್‌ಐಟಿಗೆ ಕೇಂದ್ರದ ಒಬಿಸಿ-ಎನ್‌ಸಿಎಲ್ (ಕೆನೆಪದರಕ್ಕೆ ಸೇರದ ಹಿಂದುಳಿದ ವರ್ಗ) ಪ್ರಮಾಣಪತ್ರ ಕೇಂದ್ರದ ನಮೂನೆಯಲ್ಲೇ ಬೇಕು, ಅದೂ ಆ ವರ್ಷದ ಏಪ್ರಿಲ್ 1ರ ನಂತರ ಪಡೆದದ್ದು. ರಾಜ್ಯದ ಪಟ್ಟಿಯಲ್ಲಿರುವ ಜಾತಿ ಕೇಂದ್ರದ ಪಟ್ಟಿಯಲ್ಲೂ ಇರಲೇಬೇಕೆಂದಿಲ್ಲ. ಜೆಇಇ ಅರ್ಜಿಗೆ ಮೊದಲೇ ಅದನ್ನು ನೋಡಿಕೊಳ್ಳಬೇಕು.

ಇನ್ನು ‘ಹೊರಗೆ’ ಎಂದರೆ ನಿಜವಾಗಿ ಏನೇನು ತೆರೆದಿದೆ? ನೆರೆರಾಜ್ಯಗಳ ಸರ್ಕಾರಿ ಸೀಟು ನಮ್ಮ ಮಕ್ಕಳಿಗೆ ಬಹುತೇಕ ಮುಚ್ಚಿದ ಬಾಗಿಲು. ತಮಿಳುನಾಡು ಪ್ರವೇಶ ಪರೀಕ್ಷೆ ಇಲ್ಲದೆ ಹನ್ನೆರಡರ ಅಂಕದ ಮೇಲೆ ಸೀಟು ಕೊಡುತ್ತದೆ, ಆದರೆ ಅದು ಅಲ್ಲಿಯ ಮಕ್ಕಳಿಗೆ. ಕೇರಳದ ಪ್ರವೇಶ ಪರೀಕ್ಷೆ ಕೀಮ್‌ನಲ್ಲೂ ಹೊರಗಿನವರಿಗೆ ಅವಕಾಶ ಸೀಮಿತ. ಉಳಿಯುವುದು ಐಐಟಿ, ಎನ್‌ಐಟಿ, ಐಐಐಟಿಗಳು (ಮಾಹಿತಿ ತಂತ್ರಜ್ಞಾನ ಸಂಸ್ಥೆಗಳು), ಬಿಟ್ಸ್ ಪಿಲಾನಿ, ಆಮೇಲೆ ಖಾಸಗಿ ಡೀಮ್ಡ್ ವಿಶ್ವವಿದ್ಯಾಲಯಗಳು.

ಮೊದಲ ಗುಂಪಾದ ಐಐಟಿ, ಎನ್‌ಐಟಿಗಳ ಬಗ್ಗೆ ಹೆಚ್ಚು ಯೋಚಿಸಬೇಕಿಲ್ಲ. ಬೇಕಾದ ಬ್ರಾಂಚ್ ಐಐಟಿಯಲ್ಲೋ ತಿರುಚಿರಾಪಳ್ಳಿ, ವಾರಂಗಲ್, ಕೋಝಿಕ್ಕೋಡ್‌ನ ಎನ್‌ಐಟಿಯಲ್ಲೋ ಸಿಕ್ಕರೆ ಹೋಗಲಿ. ಐಐಟಿಯ ಬೋಧನಾ ಶುಲ್ಕ ವರ್ಷಕ್ಕೆ 2 ಲಕ್ಷ, ಎನ್‌ಐಟಿಯದು 1.25 ಲಕ್ಷ. ಪರಿಶಿಷ್ಟ ಜಾತಿ, ಪಂಗಡ ಮತ್ತು ಅಂಗವಿಕಲ ವಿದ್ಯಾರ್ಥಿಗಳಿಗೆ ಅದು ಪೂರ್ತಿ ಮನ್ನಾ. ಉಳಿದವರಲ್ಲಿ ಕುಟುಂಬದ ಆದಾಯ 1 ಲಕ್ಷದೊಳಗಿದ್ದರೆ ಪೂರ್ತಿ, 5 ಲಕ್ಷದೊಳಗಿದ್ದರೆ ಮೂರನೇ ಎರಡರಷ್ಟು ಮನ್ನಾ. ಆದರೆ ದೂರದ ಹೊಸ ಎನ್‌ಐಟಿಯಲ್ಲಿ ಮನಸ್ಸಿಲ್ಲದ ಬ್ರಾಂಚ್ ಒಂದು ಕಡೆ, ಸಿಇಟಿಯಿಂದ ಬೆಂಗಳೂರಿನ ಸರ್ಕಾರಿ ಎಂಜಿನಿಯರಿಂಗ್ ಕಾಲೇಜು ಯುವಿಸಿಇಯಲ್ಲೋ ಒಳ್ಳೆಯ ಸ್ವಾಯತ್ತ ಕಾಲೇಜಿನಲ್ಲೋ ಮೆಚ್ಚಿದ ಬ್ರಾಂಚ್ ಇನ್ನೊಂದು ಕಡೆ ಇದ್ದರೆ ಎರಡನೆಯದನ್ನೇ ಹಿಡಿಯುವುದು ಒಳ್ಳೆಯದು. ಎನ್‌ಐಟಿ ಸೀಟಿಗೆ ಹನ್ನೆರಡರಲ್ಲಿ ಶೇ 75 ಅಂಕ ಬೇಕು, ಇಲ್ಲವೇ ಬೋರ್ಡಿನ ಮೊದಲ 20 ಪರ್ಸೆಂಟೈಲ್‌ನಲ್ಲಿರಬೇಕು. ಪರಿಶಿಷ್ಟರಿಗೆ ಶೇ 65. ಕೋಚಿಂಗ್ ಭರದಲ್ಲಿ ಬೋರ್ಡ್ ಪರೀಕ್ಷೆ ಕಡೆಗಣಿಸಿದವರು ಇಲ್ಲಿ ಎಡವುತ್ತಾರೆ. ಅದೇ ಮಕ್ಕಳು ಸಿಇಟಿಯಲ್ಲೂ ಹಿಂದೆ ಬೀಳುತ್ತಾರೆ, ಏಕೆಂದರೆ ಅಲ್ಲಿ ರ‍್ಯಾಂಕಿನ ಅರ್ಧ ಭಾರ ಪಿಯುಸಿಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಅಂಕಕ್ಕೆ. ಸಿಬಿಎಸ್‌ಇ, ಐಎಸ್‌ಸಿ ಮಕ್ಕಳು ತಮ್ಮ ಅಂಕವನ್ನು ತಾವೇ ಕೆಇಎ ಪೋರ್ಟಲಿನಲ್ಲಿ ನಮೂದಿಸಬೇಕು. ಮರೆತರೆ ರ‍್ಯಾಂಕೇ ಬರುವುದಿಲ್ಲ.

ಇಲ್ಲಿ ಇಲ್ಲದ ಬ್ರಾಂಚಿಗಾಗಿ ಹೊರಗೆ ಹೋಗುವುದಂತೂ ಒಪ್ಪುವ ಮಾತು. ಪಣಂಬೂರಿನಲ್ಲಿ ಬಂದರು, ಮಲ್ಪೆಯಲ್ಲಿ ಹಡಗು ಕಟ್ಟೆ ಇರುವ ನಾಡು ನಮ್ಮದು. ಹಡಗು ವಿನ್ಯಾಸ ಓದಬೇಕೆಂಬ ಹುಡುಗಿ ಕೊಚ್ಚಿಯ ವಿಜ್ಞಾನ ಮತ್ತು ತಂತ್ರಜ್ಞಾನ ವಿಶ್ವವಿದ್ಯಾಲಯಕ್ಕೋ (ಕುಸಾಟ್) ಮದ್ರಾಸ್ ಐಐಟಿಗೋ ವಿಶಾಖಪಟ್ಟಣಕ್ಕೋ ಹೋಗಬೇಕು, ಹೋಗಲಿ. ಕುಸಾಟ್ ತನ್ನದೇ ಕ್ಯಾಟ್ ಪರೀಕ್ಷೆ ನಡೆಸುತ್ತದೆ, ಅಖಿಲ ಭಾರತ ಕೋಟಾ ಇಟ್ಟಿದೆ. ಈ ಮಾತನ್ನು ನಮ್ಮ ಪಿಯು ಕಾಲೇಜುಗಳಲ್ಲಿ ಹೇಳುವವರು ಸಾಲದು.

ತೂಗಿ ನೋಡಬೇಕಾದ್ದು ಡೀಮ್ಡ್ ವಿಶ್ವವಿದ್ಯಾಲಯಗಳ ಕಂಪ್ಯೂಟರ್ ಸೈನ್ಸ್ ಸೀಟನ್ನು, ಏಕೆಂದರೆ ಕರಾವಳಿಯ ಹಣ ಹೆಚ್ಚಾಗಿ ಹರಿಯುವುದು ಅಲ್ಲಿಗೆ. ಅವುಗಳಲ್ಲಿ ಒಳ್ಳೆಯ ಅಧ್ಯಾಪಕರು, ಒಳ್ಳೆಯ ಪ್ರಯೋಗಾಲಯಗಳು ಇರುವ ಕಡೆ ಇವೆ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಶುಲ್ಕವನ್ನು ಸರಿಯಾಗಿ ಓದಬೇಕು. ವಿಐಟಿಯಲ್ಲಿ ಒಂದೇ ಬ್ರಾಂಚಿಗೆ ಐದು ಶುಲ್ಕ ವರ್ಗಗಳಿವೆ. ರ‍್ಯಾಂಕ್ ಇಳಿದಂತೆ ವರ್ಗ ಏರುತ್ತದೆ, ಮೊದಲನೆಯದಕ್ಕೂ ಐದನೆಯದಕ್ಕೂ ಎರಡು ಪಟ್ಟಿಗಿಂತ ಹೆಚ್ಚಿನ ಅಂತರ. ನಾಲ್ಕು ವರ್ಷದ ಮೊತ್ತಕ್ಕೆ ಇದು ದೊಡ್ಡ ವ್ಯತ್ಯಾಸ. ಬಿಟ್ಸ್‌ನ ಬೋಧನಾ ಶುಲ್ಕ ವರ್ಷಕ್ಕೆ 5 ಲಕ್ಷ ದಾಟಿದೆ. ಅಲ್ಲಿ ರಾಜ್ಯದ ಕೋಟಾ ಇಲ್ಲ, ಸೀಟು ಮುಖ್ಯವಾಗಿ ಅದರದೇ ಪರೀಕ್ಷೆ ಬಿಟ್‌ಸ್ಯಾಟ್‌ನ ಅಂಕದ ಮೇಲೆ.

ಸಾಲದ ಲೆಕ್ಕವನ್ನು ಕಾಗದದ ಮೇಲೆ ಹಾಕಿ ನೋಡೋಣ. ವರ್ಷಕ್ಕೆ 3.75 ಲಕ್ಷದಂತೆ ನಾಲ್ಕು ಕಂತಿನಲ್ಲಿ 15 ಲಕ್ಷ ಸಾಲ, ಬಡ್ಡಿ ಶೇ 10. ಓದು ಮುಗಿದು ಒಂದು ವರ್ಷದ ವಿರಾಮ. ಈ ಅವಧಿಗೆ ಸರಳ ಬಡ್ಡಿ ಹಿಡಿದರೂ ಮೊದಲ ಕಂತಿಗೆ ಐದು ವರ್ಷ, ಎರಡನೆಯದಕ್ಕೆ ನಾಲ್ಕು, ಮೂರನೆಯದಕ್ಕೆ ಮೂರು, ಕೊನೆಯದಕ್ಕೆ ಎರಡು. ಬಡ್ಡಿಯೇ 5.25 ಲಕ್ಷ. ಮರುಪಾವತಿ ಶುರುವಾಗುವ ದಿನ ಸಾಲ 20.25 ಲಕ್ಷ. ಹತ್ತು ವರ್ಷಕ್ಕೆ ಇಎಂಐ ತಿಂಗಳಿಗೆ ಸುಮಾರು 26,750 ರೂಪಾಯಿ, ಒಟ್ಟು ಕಟ್ಟುವುದು 32 ಲಕ್ಷದಷ್ಟು. ಸಾಮೂಹಿಕ ನೇಮಕಾತಿಯ ಐಟಿ ಕಂಪನಿಗಳು ಹೊಸಬರಿಗೆ ಕೊಡುವ ಸಂಬಳ ವರ್ಷಕ್ಕೆ ಮೂರೂವರೆ ಲಕ್ಷದ ಸುತ್ತ. ಕೈಗೆ ಬರುವುದು ಈ ಇಎಂಐಗಿಂತ ಹೆಚ್ಚೇನೂ ಇರದು. ಅದೇ ಕೆಇಎ ಸೀಟಿಗೆ ವರ್ಷಕ್ಕೆ ಲಕ್ಷದಂತೆ 4 ಲಕ್ಷ ಸಾಲ ಮಾಡಿದರೆ ಇದೇ ಲೆಕ್ಕದಲ್ಲಿ ಸಾಲ 5.4 ಲಕ್ಷವಾಗುತ್ತದೆ, ಇಎಂಐ 7,150ರ ಆಸುಪಾಸು. 4 ಲಕ್ಷದವರೆಗೆ ಬ್ಯಾಂಕು ಜಾಗದ ಪತ್ರ ಕೇಳುವುದೂ ಇಲ್ಲ. ಓದುವಾಗಲೇ ತಿಂಗಳ ಬಡ್ಡಿ ಕಟ್ಟುತ್ತಾ ಬಂದರೆ 15 ಲಕ್ಷದ ಇಎಂಐ 19,800ಕ್ಕೆ ಇಳಿಯುತ್ತದೆ. ಶಕ್ತಿ ಇದ್ದವರು ಹಾಗೆ ಮಾಡಲಿ. 2024ರಲ್ಲಿ ಬಂದ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯಲ್ಲಿ ಪಟ್ಟಿಯಲ್ಲಿರುವ ಸಂಸ್ಥೆಗಳಿಗೆ ಸೇರಿದವರಿಗೆ ಅಡಮಾನವಿಲ್ಲದೆ ಸಾಲ ಸಿಗುತ್ತದೆ, ಆದಾಯ 8 ಲಕ್ಷದೊಳಗಿದ್ದರೆ 10 ಲಕ್ಷದವರೆಗಿನ ಸಾಲಕ್ಕೆ ಶೇ 3 ಬಡ್ಡಿ ರಿಯಾಯಿತಿಗೆ ಅರ್ಜಿ ಹಾಕಬಹುದು. ಮ್ಯಾನೇಜ್‌ಮೆಂಟ್ ಕೋಟಾದ ಸೀಟಿಗೆ ಅದು ಅನ್ವಯಿಸದು. ರಾಜ್ಯದ ‘ಅರಿವು’ ಶೈಕ್ಷಣಿಕ ಸಾಲಕ್ಕೂ ಸಿಇಟಿ ಮೂಲಕ ಪಡೆದ ಸೀಟೇ ಬೇಕು. ಮನೆಯ ಮಗಳ ಮದುವೆಗೆಂದು ಇಟ್ಟ ಚಿನ್ನವನ್ನೂ ಅಡಿಕೆ ತೋಟದ ಪತ್ರವನ್ನೂ ಬ್ಯಾಂಕಿಗೆ ಒಯ್ಯುವ ಮುನ್ನ ಈ ಅಂಕಿಗಳನ್ನು ಮಕ್ಕಳ ಎದುರೇ ಬರೆದು ತೋರಿಸಿ. ಹದಿನೆಂಟು ತುಂಬಿದ ಮಕ್ಕಳಿಗೆ ಅದು ಅರ್ಥವಾಗುತ್ತದೆ.

ಪ್ಲೇಸ್‌ಮೆಂಟ್ ಜಾಹೀರಾತಿನಲ್ಲಿ ಕಾಣುವ ಅತ್ಯಧಿಕ ಪ್ಯಾಕೇಜ್ ಒಬ್ಬ ವಿದ್ಯಾರ್ಥಿಯದು. ನೋಡಬೇಕಾದ ಕಾಗದ ಬೇರೆ ಇದೆ. ಶಿಕ್ಷಣ ಸಂಸ್ಥೆಗಳಿಗೆ ಸ್ಥಾನ ನೀಡುವ ಕೇಂದ್ರದ ಎನ್‌ಐಆರ್‌ಎಫ್ ಜಾಲತಾಣದಲ್ಲಿ ರ‍್ಯಾಂಕ್ ಪಡೆದ ಪ್ರತಿ ಸಂಸ್ಥೆಯೂ ಸಲ್ಲಿಸಿದ ದತ್ತಾಂಶದ ಪಿಡಿಎಫ್ ಸಿಗುತ್ತದೆ. ಅದರಲ್ಲಿ ನಾಲ್ಕು ವರ್ಷದ ಪದವಿಯ ಸಾಲಿಗೆ ಹೋಗಿ. ಎಷ್ಟು ಮಂದಿ ಸೇರಿದರು, ಎಷ್ಟು ಮಂದಿ ನಿಗದಿತ ಅವಧಿಯಲ್ಲೇ ಪಾಸಾದರು, ಎಷ್ಟು ಮಂದಿಗೆ ಕೆಲಸ ಸಿಕ್ಕಿತು, ಅವರ ಸಂಬಳದ ಮಧ್ಯಾಂಕ (ಅರ್ಧ ಮಂದಿಗೆ ಅದಕ್ಕಿಂತ ಹೆಚ್ಚು, ಅರ್ಧ ಮಂದಿಗೆ ಕಡಿಮೆ ಇರುವ ಮೊತ್ತ) ಎಷ್ಟು, ಎಷ್ಟು ಮಂದಿ ಉನ್ನತ ವ್ಯಾಸಂಗಕ್ಕೆ ಹೋದರು ಎಂಬುದೆಲ್ಲ ಅಲ್ಲಿದೆ. ಸೇರಿದವರು 600, ಸಮಯಕ್ಕೆ ಪಾಸಾದವರು 480, ಕೆಲಸ ಸಿಕ್ಕವರು 260 ಎಂದಿದ್ದರೆ, ಆ ಮಧ್ಯಾಂಕ ಸಂಬಳ 260 ಮಂದಿಯದು ಮಾತ್ರ. ಆ ಸಂಬಳ 600 ಮಂದಿಯಲ್ಲಿ ಅರ್ಧದಷ್ಟಕ್ಕೂ ಸಿಕ್ಕಿಲ್ಲ. ಅದೇ ಪಿಡಿಎಫ್‌ನಲ್ಲಿ ರಾಜ್ಯದೊಳಗಿನವರೆಷ್ಟು, ಹೊರಗಿನವರೆಷ್ಟು, ಪೂರ್ತಿ ಶುಲ್ಕ ಮರುಪಾವತಿ ಪಡೆದವರೆಷ್ಟು ಎಂಬ ಕಾಲಂಗಳೂ ಇವೆ. ‘ವಿದ್ಯಾರ್ಥಿವೇತನ ಕೊಡುತ್ತೇವೆ’ ಎಂಬ ಮಾತನ್ನು ಅಲ್ಲಿ ತಾಳೆ ನೋಡಬಹುದು. ಈ ಅಂಕಿ ಬ್ರಾಂಚುವಾರು ಇರುವುದಿಲ್ಲ, ಅದನ್ನು ಕಾಲೇಜಿನ ಪ್ಲೇಸ್‌ಮೆಂಟ್ ವಿಭಾಗದಿಂದ ಲಿಖಿತವಾಗಿ ಕೇಳಬೇಕು. ಮಾನ್ಯತೆಯ ವಿಷಯದಲ್ಲಿ, ರಾಷ್ಟ್ರೀಯ ಮಂಡಳಿಗಳಾದ ನ್ಯಾಕ್ ಇಡೀ ಸಂಸ್ಥೆಗೆ, ಎನ್‌ಬಿಎ ಒಂದೊಂದು ಬ್ರಾಂಚಿಗೆ ಮಾನ್ಯತೆ ಕೊಡುತ್ತವೆ. ನಿಮ್ಮ ಮಗ ಸೇರುವ ಬ್ರಾಂಚಿಗೆ ಎನ್‌ಬಿಎ ಇದೆಯೇ, ಯಾವ ವರ್ಷದವರೆಗೆ ಇದೆ ಎಂದು ನೋಡಿ. ಹೊಸದಾಗಿ ಹುಟ್ಟಿದ ಎಐ, ಡೇಟಾ ಸೈನ್ಸ್ ವಿಭಾಗಗಳಲ್ಲಿ ಅನೇಕಕ್ಕೆ ಅದು ಇನ್ನೂ ಬಂದಿರುವುದಿಲ್ಲ. ವಿದೇಶದ ಯೋಚನೆ ಇದ್ದವರು ಎನ್‌ಬಿಎ ಟಯರ್-1 ಎಂದಿದೆಯೇ ಎಂದೂ ಕೇಳಬೇಕು, ದೇಶಗಳು ಪರಸ್ಪರರ ಎಂಜಿನಿಯರಿಂಗ್ ಪದವಿ ಒಪ್ಪುವ, 2014ರಲ್ಲಿ ಭಾರತ ಸೇರಿದ ವಾಷಿಂಗ್ಟನ್ ಒಪ್ಪಂದದ ಮನ್ನಣೆ ಇರುವುದು ಅದಕ್ಕೆ.

ಹಣ ಮುಳುಗುವುದು ಹೆಚ್ಚಾಗಿ ಮುಂಗಡದಲ್ಲಿ. ಡೀಮ್ಡ್ ವಿಶ್ವವಿದ್ಯಾಲಯಗಳು ಏಪ್ರಿಲ್, ಮೇ ತಿಂಗಳಲ್ಲೇ ಸೀಟು ಹಂಚಿ ಹಣ ಕಟ್ಟಿಸಿಕೊಳ್ಳುತ್ತವೆ. ಐಐಟಿ, ಎನ್‌ಐಟಿ ಸೀಟು ಹಂಚುವ ಜೋಸಾದ ಸುತ್ತುಗಳು ನಡೆಯುವುದು ಜೂನ್, ಜುಲೈಯಲ್ಲಿ. ಕೆಇಎ ಸುತ್ತುಗಳು ಅದಕ್ಕೂ ಆಚೆಗೆ ಎಳೆಯುತ್ತವೆ. ಈ ಎರಡು ಮೂರು ತಿಂಗಳ ಭಯಕ್ಕೆ ಹೆತ್ತವರು ಪೂರ್ತಿ ವರ್ಷದ ಶುಲ್ಕ ಕಟ್ಟಿಬಿಡುತ್ತಾರೆ. ಕಟ್ಟಲೇಬೇಕಾದರೆ ಕನಿಷ್ಠ ಮೊತ್ತ ಮಾತ್ರ ಕಟ್ಟಿ, ಹಾಸ್ಟೆಲ್ ಶುಲ್ಕವನ್ನು ಆದಷ್ಟು ತಡಮಾಡಿ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2018ರ ಅಧಿಸೂಚನೆಯಂತೆ ಪ್ರವೇಶದ ಪ್ರಕಟಿತ ಕೊನೆಯ ದಿನಾಂಕಕ್ಕೆ 15 ದಿನ ಅಥವಾ ಹೆಚ್ಚು ಬಾಕಿ ಇರುವಾಗ ಸೀಟು ಬಿಟ್ಟರೆ ಶುಲ್ಕ ಪೂರ್ತಿ ವಾಪಸು, ಮುರಿದುಕೊಳ್ಳಬಹುದಾದ್ದು ಹೆಚ್ಚೆಂದರೆ ಶೇ 5, ಅದೂ 5,000 ರೂಪಾಯಿ ಮೀರದಂತೆ. 15 ದಿನದೊಳಗೆ ಬಿಟ್ಟರೆ ಶೇ 90, ಕೊನೆಯ ದಿನಾಂಕ ಕಳೆದು 15 ದಿನದೊಳಗೆ ಶೇ 80, 30 ದಿನದೊಳಗೆ ಶೇ 50, ಆಮೇಲೆ ಏನೂ ಇಲ್ಲ. ಅಂತಹ ಸಂದರ್ಭದಲ್ಲಿ ಫೋನಿನಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲ. ಇ-ಮೇಲ್ ಕಳಿಸಿದ ದಿನಾಂಕವೇ ಸಾಕ್ಷಿ. ಮೂಲ ಅಂಕಪಟ್ಟಿ, ಟಿಸಿಯನ್ನು ಯಾವ ಸಂಸ್ಥೆಯೂ ಒತ್ತೆ ಇಟ್ಟುಕೊಳ್ಳುವಂತಿಲ್ಲ. ಪರಿಶೀಲನೆಗೆ ತೋರಿಸಿ, ವಾಪಸು ಪಡೆದು, ನಕಲು ಕೊಟ್ಟು ಬನ್ನಿ. ಏಜೆಂಟರ ಖಾತೆಗೆ ಒಂದು ರೂಪಾಯಿಯನ್ನೂ ಹಾಕಬೇಡಿ, ಆ ಹಣಕ್ಕೆ ಯಾವ ಅಧಿಸೂಚನೆಯ ರಕ್ಷಣೆಯೂ ಇಲ್ಲ.

ಬೇಕಾದ ಕಾಲೇಜು, ಬ್ರಾಂಚುಗಳ ಪಟ್ಟಿ ತುಂಬುವ ಕೆಇಎ ಆಪ್ಷನ್ ಎಂಟ್ರಿಯಲ್ಲಿ ಆಗುವ ತಪ್ಪು ಒಂದೇ ಬಗೆಯದು. ‘ನನಗೆ ಯಾವುದು ಸಿಗಬಹುದು’ ಎಂಬ ಕ್ರಮದಲ್ಲಿ ಮಕ್ಕಳು ಕಾಲೇಜು ತುಂಬುತ್ತಾರೆ, ತುಂಬಬೇಕಾದ್ದು ‘ನನಗೆ ಯಾವುದು ಬೇಕು’ ಎಂಬ ಕ್ರಮದಲ್ಲಿ. ಕಂಪ್ಯೂಟರು ಮೇಲಿನಿಂದ ಕೆಳಗೆ ನೋಡುತ್ತಾ ಬಂದು ನಿಮ್ಮ ರ‍್ಯಾಂಕಿಗೆ ಸಿಗುವ ಮೊದಲ ಸೀಟನ್ನು ಕೊಡುತ್ತದೆ. ಸಿಗದ ಕಾಲೇಜು ಮೇಲಿದ್ದರೆ ನಷ್ಟವಿಲ್ಲ, ಬೇಡದ ಕಾಲೇಜು ಮೇಲಿದ್ದರೆ ನಷ್ಟ ಖಚಿತ. ಹತ್ತು ಹದಿನೈದು ಆಪ್ಷನ್‌ಗೆ ನಿಲ್ಲಿಸಬೇಡಿ. ಹಿಂದಿನ ವರ್ಷದ ಕಟ್-ಆಫ್‌ನಲ್ಲಿ ನಿಮ್ಮ ಕಾಲಂ ನೋಡಿ, ನಿಮ್ಮ ರ‍್ಯಾಂಕಿಗಿಂತ ಎಷ್ಟೋ ಮುಂದಿನವುಗಳಿಂದ ಎಷ್ಟೋ ಹಿಂದಿನವುಗಳವರೆಗೆ ತುಂಬಿ. ಮಾಕ್ ಅಲಾಟ್‌ಮೆಂಟ್ (ಅಣಕು ಸೀಟು ಹಂಚಿಕೆ) ಬಂದ ಮೇಲೆ ಕ್ರಮ ಬದಲಿಸಲು ಅವಕಾಶವಿದೆ, ಆ ಎರಡು ದಿನ ಮನೆಯವರೆಲ್ಲ ಕೂತು ನೋಡುವುದು ಲೇಸು. ಸೀಟು ಬಂದಾಗ ನಾಲ್ಕು ದಾರಿ. ಆಯ್ಕೆ ಒಂದು ಎಂದರೆ ಒಪ್ಪಿ ಸೇರುವುದು. ಎರಡು ಎಂದರೆ ಇದನ್ನು ಹಿಡಿದಿಟ್ಟು ಮೇಲಿನದಕ್ಕೆ ಕಾಯುವುದು. ಈಚೆಗೆ ಇದಕ್ಕೂ ಶುಲ್ಕ ಕಟ್ಟಬೇಕು. ಮೂರು ಎಂದರೆ ಇದನ್ನು ಬಿಟ್ಟು ಮುಂದಿನ ಸುತ್ತಿಗೆ ಹೋಗುವುದು. ನಾಲ್ಕು ಎಂದರೆ ಪೂರ್ತಿ ಹೊರನಡೆಯುವುದು. ಎರಡನ್ನು ಆರಿಸಿದವರಿಗೆ ಮೇಲಿನ ಸೀಟು ಬಂದರೆ ಹಳೆಯದು ತಾನಾಗಿ ರದ್ದಾಗುತ್ತದೆ. ‘ಹೊಸದು ಬೇಡ, ಹಳೆಯದೇ ಇರಲಿ’ ಎನ್ನಲು ಬರುವುದಿಲ್ಲ. ಹಾಗಾಗಿ ಎರಡನ್ನು ಒತ್ತುವ ಮೊದಲು ಪಟ್ಟಿಯಲ್ಲಿ ಮೇಲಿರುವ ಪ್ರತಿಯೊಂದೂ ನಿಜವಾಗಿ ಬೇಕೇ ಎಂದು ನೋಡಿ, ಬೇಡದ್ದನ್ನು ಅಳಿಸಿ. ಕೊನೆಯ ಸುತ್ತಿನ ಸೀಟು ಬಿಟ್ಟರೆ ದಂಡ ಬೀಳುತ್ತದೆ. ಜೋಸಾ ಫಲಿತಾಂಶ ಕಾಯುತ್ತಿರುವವರಿಗೆ ಈ ಮಾತು ಮುಖ್ಯ.

ಪರರಾಜ್ಯಕ್ಕೆ ಹೋಗಿ ಹೊಂದದೆ ಎರಡನೇ ವರ್ಷಕ್ಕೆ ವಾಪಸು ಬರುವ ಯೋಚನೆಯನ್ನು ಯಾರೂ ನಂಬಿಕೊಂಡು ಹೊರಡಬಾರದು. ಇಲ್ಲಿ ಸೀಟು ಖಾಲಿ ಇರಬೇಕು, ಎರಡೂ ವಿಶ್ವವಿದ್ಯಾಲಯ ಒಪ್ಪಬೇಕು, ಪಠ್ಯಕ್ರಮ ಹೊಂದಬೇಕು, ಹೊಂದದ ವಿಷಯಗಳನ್ನು ಮತ್ತೆ ಬರೆಯಬೇಕು. ಬದಲಿಗೆ ಬಿ.ಇ. ಇಲ್ಲೇ ಮುಗಿಸಿ ಸ್ನಾತಕೋತ್ತರ ಪ್ರವೇಶದ ಗೇಟ್ ಪರೀಕ್ಷೆ ಬರೆದರೆ ಎಂ.ಟೆಕ್.ಗೆ ದೇಶದ ಯಾವ ಎನ್‌ಐಟಿಯ ಬಾಗಿಲೂ ತೆರೆಯುತ್ತದೆ. ಅಲ್ಲಿ ಹೋಮ್ ಸ್ಟೇಟ್ ಕೋಟಾ ಇಲ್ಲ, ಗೇಟ್ ಮೂಲಕ ಹೋದವರಿಗೆ ತಿಂಗಳಿಗೆ 12,400 ರೂಪಾಯಿ ಸ್ಟೈಪೆಂಡ್ ಕೂಡ ಇದೆ. ಬಡ, ಮಧ್ಯಮ ವರ್ಗದ ಮನೆಗಳಿಗೆ ಹೊರಗಿನ ಓದಿನ ಸರಿಯಾದ ಹೊತ್ತು ಅದೇ ಎಂದು ನನ್ನ ದೃಢವಾದ ಅಭಿಪ್ರಾಯ.

ಪ್ರಯಾಣದ ಮಾತು ಚಿಕ್ಕದು, ಆದರೂ ಹೇಳಿಬಿಡುತ್ತೇನೆ. ವೆಲ್ಲೂರಿಗೆ ಹೋಗುವವರಿಗೆ ಮಂಗಳೂರು ಸೆಂಟ್ರಲ್‌ನಿಂದ ವೆಸ್ಟ್ ಕೋಸ್ಟ್ ಎಕ್ಸ್‌ಪ್ರೆಸ್ ಕಾಟ್ಪಾಡಿವರೆಗೆ ನೇರ ಇದೆ. ಬೆಂಗಳೂರಿಗೆ ಜುಲೈ, ಆಗಸ್ಟ್‌ನಲ್ಲಿ ಹೊರಡುವವರು ಶಿರಾಡಿ ಘಾಟಿಯಲ್ಲೋ ಸಕಲೇಶಪುರ–ಸುಬ್ರಹ್ಮಣ್ಯ ರೈಲು ಮಾರ್ಗದಲ್ಲೋ ಗುಡ್ಡ ಕುಸಿಯುವ ಕಾಲವೆಂದು ತಿಳಿದು, ಕಾಲೇಜಿಗೆ ವರದಿ ಮಾಡಿಕೊಳ್ಳುವ ಕೊನೆಯ ದಿನಕ್ಕೆ ಎರಡು ದಿನ ಮುಂಚೆಯೇ ಹೊರಡಿ. ಗಡುವು ಮೀರಿ ತಲುಪಿದವರ ಸೀಟು ಉಳಿಯುವುದಿಲ್ಲ.

ಎರಡೂ ಜಿಲ್ಲೆಗಳ ಆಡಳಿತಕ್ಕೂ ಪದವಿಪೂರ್ವ ಶಿಕ್ಷಣ ಇಲಾಖೆಗೂ ತಮ್ಮ ಪತ್ರಿಕೆಯ ಮೂಲಕ ಮೂರು ಕೋರಿಕೆ. ಹತ್ತನೇ ತರಗತಿಯ ಮಕ್ಕಳ ಹೆತ್ತವರ ಸಭೆಯಲ್ಲೇ 7 ವರ್ಷದ ಷರತ್ತು, ಹೋಮ್ ಸ್ಟೇಟ್ ನಿಯಮ, ಗ್ರಾಮೀಣ ಮತ್ತು ಕನ್ನಡ ಮಾಧ್ಯಮ ಮೀಸಲನ್ನು ಒಂದು ಪುಟದಲ್ಲಿ ಅಚ್ಚು ಹಾಕಿಸಿ ಹಂಚಲಿ. ಸಿಇಟಿ ಅರ್ಜಿ ತುಂಬುವ ಮತ್ತು ಆಪ್ಷನ್ ಎಂಟ್ರಿ ನಡೆಯುವ ದಿನಗಳಲ್ಲಿ ಬೈಂದೂರಿನಿಂದ ಸುಳ್ಯದವರೆಗೆ ಪ್ರತಿ ತಾಲ್ಲೂಕು ಕೇಂದ್ರದ ಸರ್ಕಾರಿ ಪಿಯು ಕಾಲೇಜಿನಲ್ಲಿ ಕಂಪ್ಯೂಟರ್ ಸಹಿತ ಒಂದು ನೆರವಿನ ಮೇಜು ತೆರೆಯಲಿ, ಅಲ್ಲಿ ತರಬೇತಿ ಪಡೆದ ಒಬ್ಬ ಉಪನ್ಯಾಸಕರು ಕೂರಲಿ. ಬಿಇಒ ಕಚೇರಿಗಳು ವ್ಯಾಸಂಗ ಪ್ರಮಾಣಪತ್ರದ ಮೇಲುರುಜನ್ನು ಆ ವಾರಗಳಲ್ಲಿ ಅರ್ಜಿ ಕೊಟ್ಟ ದಿನವೇ ಮಾಡಿಕೊಡಲಿ.

— ತಾಂತ್ರಿಕ ಶಿಕ್ಷಣ ಕ್ಷೇತ್ರದ ಓದುಗ, ಉಡುಪಿ